ಮಾಯವ್ವನ ಮೊಣಕಾಲು

ನೆನೆದ ಕಂಬಳಿಯ ವಾಸನೆ ಎಲ್ಲರಿಗೂ ಹಿಡಿಸುವುದಿಲ್ಲ. ಮೊನ್ನೆ ನಿಲಂಗಾದಿಂದ ಊರಿಗೆ ಹೊರಟಿದ್ದೆ. ಕಾಸಾರಶಿರಸಿಯ ಸ್ಟ್ಯಾಂಡಿನಲ್ಲಿ ಒಬ್ಬ ಮುದುಕ ಬಸ್ಸು ಹತ್ತಿದ. ಮಿರಗದ, ಅಂದರೆ ಮೃಗಶಿರೆಯ, ಮೊದಲ ಮಳೆ ಆಗತಾನೇ ಹೊಡೆದು ನಿಂತಿತ್ತು. ಅವನ ಹೆಗಲ ಮೇಲಿನ ಕರಿಕಂಬಳಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹಣೆಗೆ ಬಡಿದುಕೊಂಡಿದ್ದ ಬೀರಪ್ಪನ ಭಂಡಾರ, ಅಂದರೆ ಅರಿಶಿನದ ಪುಡಿ, ನೀರಿನೊಡನೆ ಮೂಗಿನ ತನಕ ಇಳಿದಿತ್ತು. ಮುಂದಿನ ಸೀಟಿನ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಸರಿದು ಕೂತು ಅವನಿಗೆ ಜಾಗ ಕೊಟ್ಟೆ.

ಉಣ್ಣೆ, ಅರಿಶಿನ, ಕೆಸರು ಮೂರೂ ಕೂಡಿದ ಆ ವಾಸನೆ ಮೂಗಿಗೆ ಬಿದ್ದರೆ ಸಾಕು, ನನಗೆ ಮತ್ತೆ ಹದಿನಾರು ವರ್ಷ. ಉದಗೀರದ ಕಾಲೇಜಿನ ಹಾಸ್ಟೆಲ್ ಕೋಣೆ. ಪಕ್ಕದ ಮಂಚದ ಮೇಲೆ ಮಾಯವ್ವ. ಅವಳು ಹೊದ್ದಿರುವುದು ಇಂಥದೇ ಕಂಬಳಿ. ಹಾಸ್ಟೆಲ್ಲಿನವರು ಕೊಟ್ಟ ಚಾದರವನ್ನು ಅವಳು ಮಡಚಿ ತಲೆಯ ಕೆಳಗೆ ಇಟ್ಟುಕೊಂಡಿದ್ದಾಳೆ.

ಆ ಮಳೆಗಾಲದ ಬಗ್ಗೆ ನಾನು ಯಾರ ಮುಂದೆಯೂ ಹೆಚ್ಚು ಮಾತಾಡಿಲ್ಲ. ಶಾಲೆಯ ಮಕ್ಕಳು ಕೇಳುತ್ತಾರೆ, ‘ಟೀಚರಬಾಯಿ, ನೀವು ದೇಶದ ಟೀಮಿನಲ್ಲಿ ಆಡಿದ್ದಿರಂತೆ!’ ‘ಹೌದು, ಆಡಿದ್ದೆ. ಹೋಗಿ ಮೈದಾನಕ್ಕೆ ಎರಡು ಸುತ್ತು ಹಾಕಿ’ ಎಂದು ಗದರಿ ಓಡಿಸುತ್ತೇನೆ. ನಿಲಂಗಾದ ಒಂದು ಶಾಲೆಯಲ್ಲಿ ನಾನು ಆಟದ ಟೀಚರು. ಆ ನೌಕರಿ ಸಿಕ್ಕಿದ್ದು ಅದೇ ಮಳೆಗಾಲದಿಂದ. ಆದರೆ ಆ ಮಳೆಗಾಲ ನನ್ನದಾಗಿರಲಿಲ್ಲ, ಮಾಯವ್ವನದಾಗಿತ್ತು.

ನಾನು ದಾಳಿಂಬದ ಒಕ್ಕಲಿನ ಮನೆಯವಳು. ಜೋಳ, ತೊಗರಿ, ಸೋಯಾಬೀನ್ ಬೆಳೆಯುವ, ಬೆಳಿಗ್ಗೆ ಲಿಂಗಪೂಜೆಯಾಗದೆ ಒಲೆಗೆ ಬೆಂಕಿ ಕಾಣಿಸದ ಮನೆ. ಫುಟ್ಬಾಲು ನಮ್ಮ ಕಡೆಯ ಆಟವೇನಲ್ಲ. ಬೇಸಿಗೆಯಲ್ಲಿ ಮೈದಾನವೆಲ್ಲ ಗಂಡುಹುಡುಗರ ಕ್ರಿಕೆಟ್ಟಿಗೆ. ಮಳೆ ಬಿದ್ದು ಎರೆಮಣ್ಣು ಕಾಲಿಗೆ ಅಂಟುವಂತಾದಾಗ ಅವರು ಬ್ಯಾಟು ಹಿಡಿದುಕೊಂಡು ಮನೆಗೆ ಹೋಗುತ್ತಿದ್ದರು. ಆ ಕೆಸರು ನಮ್ಮ ಪಾಲಿಗೆ. ಪಿ.ಟಿ. ಮಾಸ್ತರು ಒಂದು ಚೆಂಡು ಎಸೆದು ‘ಆಡ್ಕೋರಿ ಹೋಗ್ರಿ’ ಅನ್ನುತ್ತಿದ್ದರು. ಉದಗೀರ, ನಿಲಂಗಾ, ಉಮರ್ಗಾ ಮೂರೂ ತಾಲೂಕಿನ ಹುಡುಗಿಯರು ಫುಟ್ಬಾಲು ಕಲಿತದ್ದು ಹೀಗೆ, ಬೇರೆಯವರಿಗೆ ಬೇಡವಾದ ಜಾಗದಲ್ಲಿ.

ಆ ವರ್ಷ ಸರೋಜಾ ಮೇಡಂ ಬಂದರು. ಅವರು ದೇಶದ ಜೂನಿಯರ್ ಹುಡುಗಿಯರ ತಂಡದ ಕೋಚ್. ಹುಟ್ಟಿದ್ದು ಕಾಸಾರಶಿರಸಿಯಲ್ಲಿ. ಸಣ್ಣವರಿರುವಾಗಲೇ ಊರು ಬಿಟ್ಟು ಎಲ್ಲೆಲ್ಲೋ ಆಡಿ ದೊಡ್ಡ ಹೆಸರು ಮಾಡಿದವರು. ಮಳೆಗಾಲಕ್ಕೊಂದು ಶಿಬಿರ ನಡೆಸಬೇಕೆಂದು ಮೇಲಿನವರು ಹೇಳಿದಾಗ, ದೊಡ್ಡ ದೊಡ್ಡ ಊರುಗಳನ್ನು ಬಿಟ್ಟು ಉದಗೀರವನ್ನೇ ಕೇಳಿ ಪಡೆದಿದ್ದರಂತೆ. ಮೊದಲ ದಿನ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಹಿಂದಿಯಲ್ಲಿ ಭಾಷಣ ಶುರುಮಾಡಿದರು. ನಾವು ಪಿಳಿಪಿಳಿ ಕಣ್ಣು ಬಿಡುತ್ತಿದ್ದುದನ್ನು ನೋಡಿ ಅರ್ಧಕ್ಕೇ ನಿಲ್ಲಿಸಿದರು.

“ಏ, ಹೋಗ್ಲಿ ಬಿಡು. ನಿಮಗ ತಿಳೀತದ ಅಂದ್ರ ಮನಿ ಮಾತಾಗೇ ಹೇಳ್ತೀನಿ,” ಎಂದರು. “ಇಲ್ಲಿಂದ ಒಬ್ಬಾಕಿನ್ನ ನನ್ನ ಸಂಗಾಟ ಕರ್ಕೊಂಡು ಹೋಗ್ತೀನಿ. ಒಬ್ಬಾಕಿನ್ನೇ. ಉಳಿದವ್ರು ನನ್ನ ಮ್ಯಾಲ ಸಿಟ್ಟಾಗಬ್ಯಾಡ್ರಿ. ಸಿಟ್ಟಾದ್ರೂ ಊಟ ಬಿಡಬ್ಯಾಡ್ರಿ.”

ನಾವು ನಕ್ಕೆವು. ಆ ಒಬ್ಬಳು ಯಾರೆಂದು ಎರಡನೇ ದಿನಕ್ಕೇ ಎಲ್ಲರಿಗೂ ಗೊತ್ತಾಗಿಹೋಯಿತು.

ಮಾಯವ್ವ ಕಾಸಾರಶಿರಸಿಯ ಹೊರಗಿನ ಒಂದು ವಸ್ತಿಯವಳು. ಕುರಿ ಸಾಕುವ ಮನೆ. ತಾಯಿತಂದೆ ಇಲ್ಲ, ಸಾಕಿದ್ದು ಅವಳ ಮುತ್ಯಾ, ಅಂದರೆ ಅಜ್ಜ. ಮಳೆಗಾಲದಲ್ಲಿ ಅವರ ಹಿಂಡು ಊರ ಕಡೆಯ ಗುಡ್ಡದ ಮೇಲಿರುತ್ತದೆ, ಸುಗ್ಗಿ ಮುಗಿದ ಮೇಲೆ ದೇಶಾಂತರ. ನೋಡಲು ಅವಳಲ್ಲಿ ವಿಶೇಷವೇನೂ ಇರಲಿಲ್ಲ. ಒಣಕಲು ಮೈ, ಎಣ್ಣೆ ಕಾಣದ ತಲೆ. ಓಟದಲ್ಲಿ ನಾನೇ ಅವಳಿಗಿಂತ ಮುಂದೆ. ಆದರೆ ಚೆಂಡು ಅವಳ ಕಾಲಿಗೆ ಬಂತೆಂದರೆ ಮೈದಾನದಲ್ಲಿ ನಾವೆಲ್ಲ ಎಲ್ಲಿದ್ದೇವೆ, ಇನ್ನೊಂದು ಗಳಿಗೆಗೆ ಎಲ್ಲಿರುತ್ತೇವೆ ಎಂಬುದು ನಮಗಿಂತ ಮೊದಲು ಅವಳಿಗೆ ಗೊತ್ತಿರುತ್ತಿತ್ತು. ಯಾರೂ ಇಲ್ಲದ ಕಡೆ ಚೆಂಡು ತಳ್ಳುತ್ತಿದ್ದಳು. ‘ಇದೇನು ಕಣ್ಣು ಕಾಣಿಸುವುದಿಲ್ಲವೇ ಇವಳಿಗೆ’ ಅಂದುಕೊಳ್ಳುವಷ್ಟರಲ್ಲಿ ಅಲ್ಲಿ ಒಬ್ಬಳು ಬಂದು ಮುಟ್ಟಿರುತ್ತಿದ್ದಳು. ಅದು ಹೇಗೆ ಎಂದು ಕೇಳಿದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ.

“ಕುರಿ ತಿರುಗೋದು ಮೊದಲ ತಿಳೀತದಲ್ಲ, ಹಾಂಗ,” ಅನ್ನುತ್ತಿದ್ದಳು. “ನಿಮ್ಮ ಮನ್ಯಾಗ ಕುರಿ ಇಲ್ಲೇನ?”

“ನಮ್ಮನಿ ಎಮ್ಮಿ ಎಲ್ಲೂ ತಿರುಗಂಗಿಲ್ಲ, ನಿಂತಲ್ಲೇ ನಿಂತಿರ್ತದ,” ಎಂದೆ ನಾನು.

“ಅದಕ್ಕ ನೀನೂ ಹಾಂಗೇ ಆಡ್ತಿ.”

ಆ ಮಾತಿಗೆ ಕೋಣೆಯ ಹುಡುಗಿಯರೆಲ್ಲ ಬಿದ್ದು ಬಿದ್ದು ನಕ್ಕಿದ್ದರು. ನಾನೂ ನಕ್ಕೆ. ಹೊಟ್ಟೆಕಿಚ್ಚು ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಅಳತೆ ಬೇಕು. ಅವಳು ನನ್ನ ಅಳತೆಗೆ ಸಿಗುವವಳಾಗಿರಲಿಲ್ಲ. ಅವಳ ಪಕ್ಕದ ಮಂಚ ಸಿಕ್ಕಿದ್ದೇ ನನ್ನ ಪುಣ್ಯ ಅಂದುಕೊಂಡಿದ್ದೆ.

ಮೇಡಂ ಕಿರುಚುವ ಜಾತಿಯವರಲ್ಲ. ಆಟ ನಡೆಯುವಾಗ ಕಿಲ್ಲೆಯ ಗೋಡೆ ಕಾಣುವ ಕಡೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ತಲೆಯ ಮೇಲೆ ಛತ್ರಿ ಹಿಡಿದು ಕೂತಿರುತ್ತಿದ್ದರು. ಅವರಿಗೆ ಬಲಗಾಲು ಸರಿ ಇರಲಿಲ್ಲ. ಮೆಟ್ಟಿಲು ಇಳಿಯುವಾಗ ಅಡ್ಡಡ್ಡ ತಿರುಗಿ, ಗೋಡೆ ಹಿಡಿದು ಇಳಿಯುತ್ತಿದ್ದರು. ಒಮ್ಮೆ ನಮ್ಮಲ್ಲಿ ಯಾರೋ ಅವರ ಬೆನ್ನ ಹಿಂದೆ ಹಾಗೇ ನಡೆದು ತೋರಿಸಿ ನಗಿಸಿದಳು. ಮೇಡಂ ತಿರುಗಿ ನೋಡಿದರು.

“ಬರಾಬರ ಮಾಡಿದಿ. ಜರಾ ಇನ್ನೂ ಬಗ್ಗಬೇಕು,” ಎಂದರು, ಅಷ್ಟೇ. ಆಮೇಲೆ ಯಾರೂ ಹಾಗೆ ನಡೆಯಲಿಲ್ಲ.

ಶಿಬಿರ ಮುಗಿಯಲು ಸ್ವಲ್ಪವೇ ದಿನ ಉಳಿದಿತ್ತು. ಒಂದು ಭಾನುವಾರ ಮಾಯವ್ವ ಮನೆಗೆ ಹೋಗಿಬಂದಳು. ಬಂದವಳು ಮೊದಲಿನಂತಿರಲಿಲ್ಲ. ಮಲಗುವಾಗಲೂ ಮೊಣಕಾಲು ಮುಚ್ಚುವ, ಪಾದವಿಲ್ಲದ ಉದ್ದನೆಯ ಕಾಲುಚೀಲ ಬಿಚ್ಚಲಿಲ್ಲ. ‘ಯಾಕ?’ ಅಂದರೆ ‘ಸೊಳ್ಳಿ’ ಅಂದಳು. ಆ ಹಾಸ್ಟೆಲ್ಲಿನಲ್ಲಿ ಸೊಳ್ಳೆಗೇನೂ ಬರವಿರಲಿಲ್ಲ, ಹಾಗಾಗಿ ನಾನು ನಂಬಿದೆ. ಮರುದಿನ ಆಟಕ್ಕೂ ಇಳಿದಳು. ಚೆನ್ನಾಗಿಯೇ ಆಡಿದಳು. ಓಡಬೇಕಾದಲ್ಲಿ ಓಡದೆ ನಿಂತಲ್ಲಿಂದಲೇ ಚೆಂಡು ಹಂಚಿದಳು. ನನಗಂತೂ ಏನೂ ಗೊತ್ತಾಗಲಿಲ್ಲ.

ಅದರ ಮಾರನೆಯ ದಿನ ಬೆಳಗಿನ ಮಳೆ ನಿಂತ ಮೇಲೆ ಮೇಡಂ ನಮ್ಮೆಲ್ಲರ ಬೂಟು ಬಿಚ್ಚಿಸಿದರು. ಮೈದಾನದ ಅಂಚಿನಲ್ಲಿ ಹುಲ್ಲಿಲ್ಲದ ಎರೆಮಣ್ಣಿನ ಪಟ್ಟಿಯೊಂದಿತ್ತು, ಹಿಟ್ಟು ನಾದಿಟ್ಟಷ್ಟು ಮೆತ್ತಗೆ. ಬರಿಗಾಲಲ್ಲಿ ಒಬ್ಬೊಬ್ಬಳೇ ಅದರ ಮೇಲೆ ಸಹಜವಾಗಿ ನಡೆದುಹೋಗಬೇಕು ಎಂದರು. ನಾವು ಕಿಸಿಕಿಸಿ ನಗುತ್ತ ಫ್ಯಾಶನ್ ಶೋ ಮಾಡಿದೆವು. ಮಾಯವ್ವ ನಗಲಿಲ್ಲ. ಪಟ್ಟಿಯ ಮುಂದೆ ನಿಂತು ಕೆಳಗೆ ನೋಡಿದಳು. ಹೆಜ್ಜೆಗುರುತು ನೋಡಿ ಯಾವ ಕುರಿಗೆ ಯಾವ ಕಾಲು ನೋಯುತ್ತಿದೆ ಎಂದು ಹೇಳುವ ಮನೆಯವಳು ಅವಳು. ಮೇಡಂ ಏನು ಮಾಡುತ್ತಿದ್ದಾರೆಂದು ನಮ್ಮೆಲ್ಲರಲ್ಲಿ ಅವಳೊಬ್ಬಳಿಗೇ ತಿಳಿದಿತ್ತು.

ಆದರೂ ನಡೆದಳು. ತಲೆಯೆತ್ತಿ, ನೆಟ್ಟಗೆ, ಒಂದು ಸಲವೂ ತಡವರಿಸದೆ ನಡೆದಳು. ಮೇಡಂ ಕುರ್ಚಿಯಿಂದೆದ್ದು ಆ ಗುರುತುಗಳ ಪಕ್ಕ ನಿಧಾನವಾಗಿ ಬಂದರು. ಬಲಗಾಲಿನ ಗುರುತು ಆಳ. ಎಡಗಾಲಿನದು ಬೆರಳಿನ ಕಡೆ ಮಾತ್ರ ಒತ್ತಿತ್ತು, ಹಿಮ್ಮಡಿ ಮೂಡಿಯೇ ಇರಲಿಲ್ಲ.

“ಕಾಲಚೀಲ ಇಳಸು,” ಎಂದರು.

ಮಾಯವ್ವ ಅಲುಗಲಿಲ್ಲ. ಮೇಡಂ ತಾವೇ ಕಷ್ಟಪಟ್ಟು ನೆಲಕ್ಕೆ ಕೂತು, ಅವಳ ಎಡಗಾಲಿನ ಚೀಲ ಇಳಿಸಿದರು. ಮೊಣಕಾಲು ಬಾತು ದುಂಡಗಾಗಿತ್ತು. ಚಿಪ್ಪಿನ ಸುತ್ತ ಮೂರು ಬರೆ. ಕೆಂಪಗೆ ಕಾಯಿಸಿದ ಕಬ್ಬಿಣದಿಂದ ಹಾಕಿದ್ದು, ಮೇಲೆ ಭಂಡಾರ ಮೆತ್ತಿದ್ದು. ಅರಿಶಿನದ ಜೊತೆ ಕೀವಿನ ವಾಸನೆಯೂ ಬಂತು.

ಆದದ್ದು ಇಷ್ಟು. ಭಾನುವಾರ ಮಳೆಯಲ್ಲಿ ಒಂದು ಮರಿ ತಪ್ಪಿಸಿಕೊಂಡು ಓಡಿದೆ. ಹಿಡಿಯಲೆಂದು ಇವಳು ಬದು ಹಾರಿದ್ದಾಳೆ. ಕಾಲು ಎರೆಕೆಸರಲ್ಲಿ ಹೂತು ನಿಂತು, ಮೈ ಮಾತ್ರ ತಿರುಗಿದೆ. ಮುತ್ಯಾ ನೋಡಿದ. ಕುಂಟುವ ಕುರಿಗೆ ಏನು ಮಾಡುತ್ತಾನೋ ಮೊಮ್ಮಗಳಿಗೂ ಅದನ್ನೇ ಮಾಡಿದ. ತನ್ನ ಜೀವದಂಥ ಹುಡುಗಿ ಬೇಗ ಓಡಲಿ, ಶಿಬಿರಕ್ಕೆ ಹೋಗಲಿ ಎಂದೇ ಮಾಡಿದ. ನಮ್ಮ ಕಡೆ ಪ್ರೀತಿಯ ಔಷಧವೂ ಬೆಂಕಿಯೇ.

“ಯಾಕ ಮುಚ್ಚಿಟ್ಟಿ?” ಮೇಡಂ ಕೇಳಿದರು.

“ಕುಂಟ ಕುರಿ ಮೊದಲ ಸಂತಿಗಿ ಹೋಗ್ತದರೀ,” ಎಂದಳು ಮಾಯವ್ವ. ಅಷ್ಟೊತ್ತು ತಡೆದವಳು ಆಗ ಅತ್ತಳು.

ಉದಗೀರದ ಡಾಕ್ಟರು ಬರೆ ನೋಡಿ ಸಿಡಿಮಿಡಿಗೊಂಡರು. ಲಾತೂರಿನಲ್ಲಿ ಸ್ಕ್ಯಾನ್ ಮಾಡಿಸಿದಾಗ ಗೊತ್ತಾಯಿತು, ಮೊಣಕಾಲಿನ ಒಳಗೆ ಎಲುಬು ಹಿಡಿದಿಡುವ ನಾರೊಂದು ಅರ್ಧ ಹರಿದಿದೆ. ಕೆಲವು ತಿಂಗಳು ಸುಮ್ಮನಿದ್ದರೆ ತಾನಾಗಿ ಕೂಡಿಕೊಳ್ಳುತ್ತದೆ. ಈಗ ಆಡಿದರೆ ಪೂರಾ ಹರಿಯುತ್ತದೆ. ಆಮೇಲೆ ಜನ್ಮಪೂರ್ತಿ ಸರಿಹೋಗದೆ ಇರಬಹುದು. ದೇಶದ ತಂಡ ಹೊರದೇಶದ ಪಂದ್ಯಾವಳಿಗೆ ಹೋಗಲು ವಾರಗಳಷ್ಟೇ ಬಾಕಿ ಇದ್ದವು.

ಆ ಎರಡು ದಿನ ಮೇಡಂ ಫೋನಿನಲ್ಲೇ ಇದ್ದರು. ಅತ್ತ ಕಡೆಯ ದನಿ ನಮಗೆ ಕೇಳುತ್ತಿರಲಿಲ್ಲ, ಇವರ ಉತ್ತರದಿಂದಲೇ ಊಹಿಸುತ್ತಿದ್ದೆವು. ಹುಡುಗಿ ಅಷ್ಟು ಚೆನ್ನಾಗಿದ್ದರೆ ನೋವಿಗೆ ಸೂಜಿ ಚುಚ್ಚಿಸಿ ಆಡಿಸಿ ಎಂದು ಯಾರೋ ಹೇಳುತ್ತಿದ್ದರು. ಮೇಡಂ ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಒಂದೇ ಮಾತು ಹೇಳಿದರು, ಆಗುವುದಿಲ್ಲ. ಕೊನೆಗೆ ಫೋನಿಟ್ಟು, ವರಾಂಡದಲ್ಲಿ ಕೂತಿದ್ದ ನಮ್ಮ ಕಡೆ ತಿರುಗಿ ಮನೆಮಾತಿನಲ್ಲಿ ಹೇಳಿದರು.

“ನನಗ ಹಾಂಗೇ ಸೂಜಿ ಹಾಕಿ ಆಡಿಸಿದ್ರು. ಹದಿನೇಳು ವರ್ಷ ನನಗ. ಗೆದ್ವಿ. ಹಾರ ಹಾಕಿದ್ರು. ಮರುವರ್ಷ ಈ ಕಾಲ ತಗೊಂಡು ಹೋದ್ರ, ಯಾರು ನೀ ಅಂದ್ರು.” ತಮ್ಮ ಬಲಮೊಣಕಾಲಿನ ಮೇಲೆ ಕೈಯಿಟ್ಟರು. “ಈ ಮಕ್ಕಳು ನನ್ನ ಜಿಮ್ಮಾ. ಇವರ ಕೈ ಕಾಲ ನನ್ನ ಜಿಮ್ಮಾ. ಕಪ್ ಬರ್ಲಿ, ಬಿಡ್ಲಿ.”

ಜಿಮ್ಮಾ ಅಂದರೆ ಹೊಣೆ. ಆ ಮಾತು ನನಗೆ ಹಿಡಿಸಿತು. ಈಗಲೂ ಅನ್ನಿಸುತ್ತದೆ, ಕೋಚ್ ಅಂದರೆ ಹೀಗಿರಬೇಕು. ಆದರೆ ಬಾಗಿಲ ಬಳಿ ನಿಂತಿದ್ದ ಮಾಯವ್ವನಿಗೆ ಹಾಗನ್ನಿಸಲಿಲ್ಲ.

“ಮೊಳಕಾಲ ನಂದ ಅದರೀ ಮೇಡಂನೋರ,” ಎಂದಳು. “ಮುರಿದ್ರ ಮುರೀಲಿ. ಒಮ್ಮಿ ಆಡ್ತೀನಿ.”

“ಮುಂದಿನ ವರ್ಷ ಆಡು. ಅದರ ಮುಂದಿನ ವರ್ಷ ಆಡು. ಹತ್ತು ವರ್ಷ ಆಡು.”

“ಮುಂದಿನ ವರ್ಷ ಯಾರು ಕಂಡಾರ?”

ಹುಡುಗಿಯ ಬಾಯಲ್ಲಿ ಇಂಥ ಮುದುಕರ ಮಾತು ಎಲ್ಲಿಂದ ಬಂತೆಂದು ಮಾರನೆಯ ದಿನ ತಿಳಿಯಿತು. ಅವಳ ಮುತ್ಯಾ ಬಂದ. ಸುದ್ದಿ ಕೇಳಿ ಹಿಂಡನ್ನು ಬೀಗರ ಕೈಗೆ ಒಪ್ಪಿಸಿ, ಎರಡು ಬಸ್ಸು ಬದಲಿಸಿ ಉದಗೀರಕ್ಕೆ ಬಂದಿದ್ದ. ನೆನೆದ ಕಂಬಳಿ, ಹಣೆಯ ತುಂಬ ಭಂಡಾರ. ಮೇಡಂ ಕುರ್ಚಿ ಕೊಟ್ಟರೂ ಕೂರಲಿಲ್ಲ, ನೆಲದ ಮೇಲೆ ಕೋಲು ಊರಿ ಕುಕ್ಕುರುಗಾಲಲ್ಲಿ ಕೂತ.

“ತಪ್ಪ ನಂದು ಅದ ಯವ್ವಾ,” ಎಂದ. “ಬರಿ ನಾನೇ ಹಾಕಿನಿ. ಪೋರಿದೇನು ಗುನ್ಹಾ ಇಲ್ಲ. ಆಕಿನ್ನ ಬಿಟ್ಟು ಹೋಗಬ್ಯಾಡ.”

“ಬರಿಗಿ ಸಿಟ್ಟಿಲ್ಲ ಮುತ್ಯಾ. ನನ್ನ ಹೊಟ್ಟಿ ಮ್ಯಾಲೂ ಅವ, ಕೂಸಿದ್ದಾಗ ನಮ್ಮ ಆಯಿ ಹಾಕಿದ್ದು. ಒಳಗ ನಾರ ಹರದದ. ಅದಕ್ಕ ಬಿಟ್ಟು ಹೋಗ್ಲತೀನಿ.”

“ಮಳಿ ಬಂದಾಗ ಬಿತ್ತಬೇಕವ್ವ. ಹಸಿ ಆರಿದ ಮ್ಯಾಲ ಬೀಜ ಚೆಲ್ಲಿ ಏನ್ ಮಾಡ್ತಿ?”

ಮೇಡಂ ಅವನೆದುರು ತಾವೂ ನೆಲದ ಮೇಲೆ ಕೂತರು, ಕೆಟ್ಟ ಕಾಲು ಉದ್ದ ಚಾಚಿಕೊಂಡು. “ಮುತ್ಯಾ, ನೀವು ದೂರ ಹೋಗುವಾಗ ಎಳೇ ಮರಿ ಇರ್ತಾವಲ್ಲ, ಅವನ್ನ ದೊಡ್ಡ ಕುರಿ ಸಂಗಾಟ ನಡಸ್ತೀರೇನು? ಕಾಲ ಸೋತ್ರ ಬಡದು ಓಡಸ್ತೀರೇನು?”

“ಛೇ, ಓಡಸಂಗಿಲ್ಲ.”

“ಮತ್ತ?”

“ಹೆಗಲ ಮ್ಯಾಲ ಹೊತಗೊಂಡು ಹೋಗ್ತೀವಿ.” ಮುದುಕ ತಲೆಯೆತ್ತಿ ಮೇಡಂ ಮುಖವನ್ನೇ ನೋಡಿದ. “ಬಿಟ್ಟು ಹೋಗಂಗಿಲ್ಲವ್ವ.”

ಮೇಡಂ ಅವನ ಕೈ ಹಿಡಿದು ಹೇಳಿದರು, “ನಾನೂ ಬಿಡಂಗಿಲ್ಲ. ಮುಂದಿನ ಮಿರಗಕ್ಕ ನಾನೇ ಬರ್ತೀನಿ. ಬಂದು ಕರ್ಕೊಂಡು ಹೋಗ್ತೀನಿ. ಆಕಿ ನನ್ನ ಜಿಮ್ಮಾ.” ಮುತ್ಯಾ ಸೊಂಟದ ಚೀಲದಿಂದ ಚಿಟಿಕೆ ಭಂಡಾರ ತೆಗೆದು ಅವರ ಹಣೆಗೆ ಹಚ್ಚಿದ. ನಮ್ಮಲ್ಲಿ ಭಂಡಾರ ಹಚ್ಚಿಸಿಕೊಂಡು ಆಡಿದ ಮಾತು ಸುಳ್ಳಾಗಬಾರದು. ಲಿಂಗವಂತರ ಮನೆಯ ಮೇಡಂಗೂ ಅದು ಗೊತ್ತಿತ್ತು, ನನಗೂ ಗೊತ್ತಿತ್ತು.

ಹೀಗೆ ಒಬ್ಬಳ ಜಾಗ ಖಾಲಿಯಾಯಿತು. ಮೇಡಂ ನನ್ನನ್ನು ಕರೆದರು.

ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಎಂಬ ಗಾದೆಯಲ್ಲಿ ಹಲ್ಲಿಲ್ಲದವಳು ನಾನು. ನನಗೆ ಖುಷಿಯಾಯಿತೇ? ಆಯಿತು. ಸುಳ್ಳು ಯಾಕೆ ಹೇಳಲಿ. ಮಾಯವ್ವನಿಗೆ ಹೇಗೆ ಹೇಳುವುದೆಂದು ಕೋಣೆಯ ಹೊರಗೆ ಬಹಳ ಹೊತ್ತು ನಿಂತೆ. ಅವಳೇ ಒಳಗಿನಿಂದ ಕೂಗಿದಳು, “ಒಳಗ ಬಾ ಎಮ್ಮಿ, ಗೊತ್ತಾಗ್ಯಾದ.”

ಶಿಬಿರದಲ್ಲಿ ಉಳಿದ ದಿನಗಳಲ್ಲಿ ಅವಳು ಮೈದಾನದ ಅಂಚಿನಲ್ಲಿ ಪಟ್ಟಿ ಕಟ್ಟಿದ ಕಾಲು ಚಾಚಿ ಕೂತು ನನಗೆ ಕಲಿಸಿದಳು. “ಚೆಂಡ ನೋಡಬ್ಯಾಡ. ಚೆಂಡ ಎಲ್ಲೂ ಓಡಿ ಹೋಗಂಗಿಲ್ಲ. ಮಂದಿ ನೋಡು. ಯಾವಾಕಿ ಹೆಗಲ ತಿರುಗಿತು ನೋಡು.” ನಾನು ಹೆಗಲು ನೋಡುತ್ತಿದ್ದೆ, ಅಷ್ಟರಲ್ಲಿ ಚೆಂಡು ಕಳೆದುಕೊಳ್ಳುತ್ತಿದ್ದೆ. ಅವಳು ತಲೆ ಚಚ್ಚಿಕೊಳ್ಳುತ್ತಿದ್ದಳು. ಒಮ್ಮೆ ಸಿಟ್ಟಿನಿಂದ ಕೈಗೆ ಸಿಕ್ಕ ಕೆಸರುಂಡೆ ಎಸೆದಳು. ಅದು ನನ್ನ ಬೆನ್ನಿಗೆ ಬಿತ್ತು. ನೋವಾದದ್ದು ಅವಳಿಗೇ, ನನಗೆ ಗೊತ್ತು.

ನಾನು ಹೋದೆ. ದೊಡ್ಡ ಊರು, ದೊಡ್ಡ ಮೈದಾನ, ಹಸಿರು ಗಂಬಳಿಯಂಥ ಹುಲ್ಲು, ವಿಮಾನ. ತಂಡದಲ್ಲಿ ನಾನು ಬೆಂಚಿನ ಮೇಲೆ ಕೂರುವವಳು. ಕೊನೆಯ ಪಂದ್ಯ ಗೆಲ್ಲಲೇಬೇಕಿತ್ತು. ಮೈದಾನದ ನಡುವೆ ಆಡುವ ನಮ್ಮವಳೊಬ್ಬಳಿಗೆ ಪೆಟ್ಟಾಯಿತೆಂದು ಮೇಡಂ ನನ್ನನ್ನು ಇಳಿಸಿದರು. ಒಂದು ಸಲ ಚೆಂಡು ನನ್ನ ಕಾಲಿಗೆ ಬಂತು. ಎದುರಾಳಿಗಳೆಲ್ಲ ಒಂದೇ ಕಡೆ ಸರಿದಿದ್ದರು. ಬಲಕ್ಕೆ, ಯಾರೂ ಇಲ್ಲದ ಕಡೆ, ದೊಡ್ಡ ಬಯಲು ತೆರೆದಿತ್ತು. ಅಲ್ಲಿಗೆ ನಮ್ಮವಳು ಓಡಿ ಬರುತ್ತಾಳೆಂದು ನನಗೆ ಹೊಳೆಯಿತು. ಹೊಳೆಯುವಷ್ಟರಲ್ಲಿ ತಡವಾಗಿತ್ತು. ಚೆಂಡು ನನ್ನ ಕಾಲಿಂದ ಹೋಯಿತು, ಅದೇ ಚೆಂಡು ನಮ್ಮ ಗೋಲಿಗೆ ಬಿತ್ತು. ಸೋತೆವು.

ಡ್ರೆಸ್ಸಿಂಗ್ ರೂಮಿನಲ್ಲಿ ಮೇಡಂ ಯಾರನ್ನೂ ಬೈಯಲಿಲ್ಲ. ನನ್ನ ಪಕ್ಕ ಬಂದು ಕೂತರು. “ನಿನಗ ಕಂಡಿತ್ತಲ್ಲ?” ಎಂದರು ಮೆಲ್ಲಗೆ. ನಾನು ತಲೆಯಾಡಿಸಿದೆ. “ಕಂಡಿತ್ತು ಅಂದ್ರ ಸಾಕ. ಮುಂದಿನ ಸಲ ಲಗೂನ ಕಾಣ್ತದ,” ಎಂದರು. ಹೊರಗೆ ಪತ್ರಿಕೆಯವರ ಮುಂದೆ ‘ತಪ್ಪೆಲ್ಲ ನನ್ನದು’ ಎಂದರಂತೆ. ಅವರನ್ನು ಆ ವರ್ಷವೇ ತೆಗೆದುಹಾಕಿದರು.

ಹೊಸ ಕೋಚಿಗೆ ಉದಗೀರ ಎಂಬ ಊರು ಭೂಪಟದಲ್ಲಿ ಎಲ್ಲಿದೆಯೆಂದೂ ಗೊತ್ತಿರಲಿಕ್ಕಿಲ್ಲ. ಮುಂದಿನ ಮಿರಗಕ್ಕೆ ಶಿಬಿರ ಇರಲಿಲ್ಲ. ಆದರೆ ಸರೋಜಾ ಮೇಡಂ ಮಾತು ತಪ್ಪಲಿಲ್ಲ, ಬಂದರು. ಹುದ್ದೆ ಇಲ್ಲ, ತಂಡ ಇಲ್ಲ, ಕೊಡಲು ಕೈಯಲ್ಲಿ ಏನೂ ಇಲ್ಲ. ಬರಿಗೈಯಲ್ಲಿ ಬಂದರು. ನನ್ನನ್ನೂ ಕರೆದುಕೊಂಡು ಕಾಸಾರಶಿರಸಿಯ ವಸ್ತಿಗೆ ಹೋದರು. ಮಾಯವ್ವನ ಕಾಲು ಪೂರಾ ಕೂಡಿತ್ತು. ಗುಡ್ಡದ ಮೇಲೆ ಹಿಂಡಿನ ಸುತ್ತ ದಿನಾ ಓಡುತ್ತಿದ್ದೇನೆ ಎಂದಳು. ಮೇಡಂ ಬೂಟಿನ ಸದ್ದು ಕೇಳಿದವಳೇ ಬಟ್ಟೆಯ ಗಂಟು ಕಟ್ಟಿಕೊಂಡು ಹೊರಬಂದಿದ್ದಳು. ಆ ಗಂಟು ನೋಡಿ ಮೇಡಂ ಮುಖ ಸಪ್ಪಗಾದುದನ್ನು ನಾನು ಮರೆಯಲಾರೆ.

ಆಮೇಲೆ ಮೇಡಂ ಕಂಡಕಂಡವರ ಬಾಗಿಲು ಬಡಿದರು. ಆ ಹುಡುಗಿಯನ್ನು ಒಮ್ಮೆ ನೋಡಿ, ಒಂದೇ ಸಲ ನೋಡಿ ಎಂದು. ಕುರ್ಚಿ ಇಲ್ಲದವರ ಮಾತು ಯಾರು ಕೇಳುತ್ತಾರೆ? ಅಷ್ಟರಲ್ಲಿ ಜೂನಿಯರ್ ತಂಡದ ವಯಸ್ಸು ಮಾಯವ್ವನಿಗೆ ದಾಟಿತು. ಕೊನೆಗೆ ಯಾವುದೋ ಕ್ಲಬ್ಬಿನವರು ಒಪ್ಪಿ ದಿನ ಗೊತ್ತುಮಾಡಿದರು. ಆ ವಾರವೇ ಮುತ್ಯಾ ತೀರಿಕೊಂಡ. ಸುಗ್ಗಿ ಮುಗಿದು ಹಿಂಡು ಹೊರಡುವ ಹೊತ್ತು. ಇಷ್ಟು ಜೀವಗಳ ಹಿಂದೆ ನಡೆಯಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. “ಈಗ ಇವು ನನ್ನ ಜಿಮ್ಮಾ ರೀ,” ಎಂದು ಮೇಡಂಗೆ ಫೋನಿನಲ್ಲಿ ಹೇಳಿದಳಂತೆ. ಅದು ಮೇಡಂನಿಂದಲೇ ಕಲಿತ ಮಾತೋ, ಅವಳ ಮನೆಯಲ್ಲೇ ಇದ್ದ ಮಾತೋ ನನಗೆ ಗೊತ್ತಿಲ್ಲ. ಒಂದೆರಡು ವರ್ಷಕ್ಕೆ ಕುರಿಯವರ ಮನೆಗೇ ಮದುವೆಯಾದಳು. ಗಂಡ ಒಳ್ಳೆಯವನು.

ನನಗೆ ಮಾತ್ರ ಆ ಒಂದು ಪಂದ್ಯ ಆಡಿದ್ದಕ್ಕೆ ನೌಕರಿ ಸಿಕ್ಕಿತು. ತಿಂಗಳಿಗೊಮ್ಮೆ ಪಗಾರ ಕೈಗೆ ಬಂದಾಗ ಇದು ಯಾರ ಕಾಲಿನದು ಎಂದು ನೆನಪಾಗುತ್ತದೆ.

ಬಹಳ ವರ್ಷ ನಾನು ಈ ಲೆಕ್ಕ ಹಾಕುತ್ತಲೇ ಇದ್ದೆ. ಮೇಡಂ ಸೂಜಿ ಹಾಕಿಸಿ ಆಡಿಸಿದ್ದರೆ? ಕಾಲು ಹೋಗುತ್ತಿತ್ತು, ಆದರೆ ಅವಳೊಮ್ಮೆ ಆ ಹಸಿರು ಹುಲ್ಲಿನ ಮೇಲೆ ನಿಂತಿರುತ್ತಿದ್ದಳು. ಮೇಡಂ ಮಾಡಿದ್ದು ಸರಿ. ಎಷ್ಟು ಸಲ ತಿರುಗಿಸಿ ನೋಡಿದರೂ ಸರಿ. ಆದರೆ ಆ ಸರಿಯಿಂದ ಮಾಯವ್ವನಿಗೆ ದಕ್ಕಿದ್ದೇನು? ಒಮ್ಮೆ ಅವಳನ್ನೇ ಕೇಳಿದ್ದೆ, ಮೇಡಂ ಮೇಲೆ ಸಿಟ್ಟಿದೆಯೇ ಎಂದು. “ಸಿಟ್ಟ್ಯಾಕ? ಅವರು ಮುಂದಿನ ವರ್ಷದ ಮಾತು ಆಡಿದ್ರು. ನಮ್ಮ ಕಡಿ ಮುಂದಿನ ವರ್ಷ ಬರಲಿಲ್ಲ, ಅಷ್ಟೇ,” ಎಂದು ಕೈಕೊಡವಿ ಎದ್ದಳು.

ಬಸ್ಸಿನ ಮುದುಕ ಅರ್ಧ ದಾರಿಯಲ್ಲೇ ಇಳಿದುಹೋದ. ನಾನು ದಾಳಿಂಬ ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ಆ ದಿನ ಊರಿಗೆ ಬರಲು ನನಗೆ ಒಂದು ಕಾರಣವಿತ್ತು. ಬಿತ್ತನೆಗೆ ಮುಂಚೆ ಗೊಬ್ಬರಕ್ಕೆಂದು ನಮ್ಮ ಅಣ್ಣ ಹೊಲದಲ್ಲಿ ಕುರಿ ಕೂಡಿಸಿದ್ದ. ಆ ಹಿಂಡು ಮಾಯವ್ವನದು. ಮಳೆ ಬಿದ್ದುದರಿಂದ ಸಂಜೆಗೆ ಅವರು ಗುಡ್ಡದ ಕಡೆ ಏಳುವವರಿದ್ದರು. ನಾನು ಫೋನು ಮಾಡಿ ಹೇಳಿದ್ದಕ್ಕೆ ಸರೋಜಾ ಮೇಡಂ ಉಮರ್ಗಾದ ತನಕ ಬಸ್ಸಿನಲ್ಲಿ, ಅಲ್ಲಿಂದ ಶೇರ್ ಆಟೋದಲ್ಲಿ ಬಂದಿಳಿದರು. ತಲೆ ಪೂರಾ ಬೆಳ್ಳಗಾಗಿದೆ. ಕೈಗೆ ಕೋಲು ಬಂದಿದೆ.

ಹೊಲದ ತನಕ ಹೇಗೋ ನಡೆದರು. ಮಾಯವ್ವ ಹಿಂಡಿನ ಸುತ್ತ ಕಟ್ಟಿದ್ದ ಬಲೆ ಬಿಚ್ಚಿ ಸುತ್ತುತ್ತಿದ್ದಳು. ನಮ್ಮನ್ನು ಕಂಡು ಸೆರಗು ಸರಿಪಡಿಸಿಕೊಂಡು ಬಂದು ಮೇಡಂ ಕಾಲಿಗೆ ಬಿದ್ದಳು. “ಹ್ಯಾಂಗ ಅದ ಮೊಳಕಾಲ?” ಎಂಬುದೇ ಮೇಡಂ ಆಡಿದ ಮೊದಲ ಮಾತು. “ಏ, ಅದೇನ ಕೇಳ್ತೀರಿ, ಚಾ ಕುಡೀರಿ ಮೊದಲ,” ಎಂದು ಅವಳು ತೇಲಿಸಿಬಿಟ್ಟಳು. ಮೂರು ಕಲ್ಲಿನ ಒಲೆಯ ಮೇಲೆ ಕುರಿಹಾಲಿನ ಚಹಾ ಕುದಿಯಿತು. ನಾವು ಮೂವರೂ ಉದಗೀರದ ಹಾಸ್ಟೆಲ್ಲಿನ ಸೊಳ್ಳೆಗಳ ಬಗ್ಗೆ ಮಾತಾಡಿ ನಕ್ಕೆವು. ಆಟದ ಮಾತನ್ನು ಯಾರೂ ಎತ್ತಲಿಲ್ಲ.

ಅಷ್ಟರಲ್ಲಿ ಹಿಂಡಿನ ಒಂದು ತುದಿ ಪಕ್ಕದ ಹೊಲದ ಕಡೆ ಬಾಗಿತು. ಬಾಗಿತು ಎಂದು ನನಗೆ ಕಾಣುವ ಮೊದಲೇ ಮಾಯವ್ವ ಎದ್ದು ಓಡಿದ್ದಳು. ಹಸಿ ಎರೆಮಣ್ಣಿನ ಮೇಲೆ ಬರಿಗಾಲಲ್ಲಿ ಓಡಿ, ಕುರಿಗಳು ಎಲ್ಲಿಗೆ ಬರುತ್ತವೋ ಅಲ್ಲಿಗೆ ಅವಕ್ಕಿಂತ ಮೊದಲು ಮುಟ್ಟಿ, ಎಡಗಾಲು ಊರಿ ಗಿರ್ರನೆ ತಿರುಗಿ ಅಡ್ಡ ನಿಂತಳು. ಹಿಂಡು ವಾಪಸು ಹೊರಳಿತು. ಮೇಡಂ ಕಪ್ಪು ಕೆಳಗಿಟ್ಟು ನೋಡುತ್ತಿದ್ದರು. ಉದಗೀರದಲ್ಲಿ ಛತ್ರಿ ಹಿಡಿದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಾಗಲೂ ಹೀಗೇ ನೋಡುತ್ತಿದ್ದರು.

ಒಂದು ಪುಟ್ಟ ಮರಿ ಕೆಸರಲ್ಲಿ ಸಿಕ್ಕಿತ್ತು. ಅದನ್ನೆತ್ತಿ ಹೆಗಲ ಮೇಲೆ ಹಾಕಿಕೊಂಡು ಮಾಯವ್ವ ಬಂದಳು. ಮೇಡಂ ಕಣ್ಣು ಆ ಮರಿಯ ಮೇಲೆ ನಿಂತಿತು. ಮುತ್ಯಾನ ಮಾತು ನನಗೆ ನೆನಪಾದಂತೆ ಅವರಿಗೂ ಆಗಿರಬೇಕು.

ಮೋಡ ಮತ್ತೆ ಕಟ್ಟಿತು. ನಾವು ಹೊರಟೆವು. ರಸ್ತೆಗೆ ಹೋಗಲು ಒಂದು ಬದು ದಾಟಬೇಕು. ಬರುವಾಗ ಹತ್ತಿದ ಮೇಡಂಗೆ ಈಗ ಇಳಿಯಲು ಆಗಲಿಲ್ಲ. ಮಣ್ಣು ಜಾರುತ್ತಿತ್ತು. ಅಡ್ಡ ತಿರುಗಿದರು, ಕೋಲು ಊರಿ ನೋಡಿದರು, ನಿಂತುಬಿಟ್ಟರು. ನಾನು ಕೈಕೊಡಲು ಹೋಗುವಷ್ಟರಲ್ಲಿ ಮಾಯವ್ವ ಹಿಂದಿನಿಂದ ಬಂದು, ಮರಿಯನ್ನು ಆಚೆ ಹೆಗಲಿಗೆ ಸರಿಸಿ, ಈಚೆ ಹೆಗಲನ್ನು ಅವರ ಕೈಯ ಕೆಳಗೆ ಕೊಟ್ಟಳು. ಮೇಡಂ ಅಂಜುತ್ತ ಬೆರಳು ಮಾತ್ರ ಇಟ್ಟರು.

“ಅಂಜಬ್ಯಾಡ್ರಿ ಮೇಡಂನೋರ, ಪೂರಾ ಭಾರ ಹಾಕ್ರಿ,” ಎಂದಳು ಮಾಯವ್ವ, ಎಡಗಾಲನ್ನು ಬದುವಿನ ಕೆಳಗೆ ಗಟ್ಟಿಯಾಗಿ ಊರಿಕೊಂಡು. “ಮೊಳಕಾಲ ಛಲೋ ಅದ. ಕೂಡಿದ ಮ್ಯಾಲ ಒಂದು ದಿನಾನೂ ನೋವಾಗಿಲ್ಲ.”